ಚಕ್ರ ತಿರುಗಿದಷ್ಟು ಬೆಳಕು

ಮುಗಿಲನ್ನು ದೂತನನ್ನಾಗಿ ಕಳುಹಿಸಿದ ಕವಿ ನಮ್ಮಲ್ಲಿದ್ದಾನೆ, ಹಂಸವನ್ನು ಕಳುಹಿಸಿದವರಿದ್ದಾರೆ, ಗಿಳಿ, ಕೋಗಿಲೆ, ದುಂಬಿಗಳಿಗೂ ಪ್ರಣಯದ ವ್ಯವಹಾರದಲ್ಲಿ ಒಂದಿಲ್ಲೊಂದು ಉದ್ಯೋಗ ದೊರೆತಿದೆ. ರಥವೇರಿ ಬಂದ ನಾಯಕರು, ಕುದುರೆಯ ಬೆನ್ನ ಮೇಲೆ ನಾಯಿಕೆಯನ್ನು ಹೊತ್ತೊಯ್ದ ವೀರರು, ದೋಣಿಯಲ್ಲಿ ಕುಳಿತು ಮನಸೋತ ರಾಜರು ಎಷ್ಟೋ ಮಂದಿ. ಸೈಕಲ್ಲಿಗೆ ಮಾತ್ರ ಈ ಭಾಗ್ಯ ಅಷ್ಟಾಗಿ ಬಂದಂತೆ ತೋರುವುದಿಲ್ಲ. ಅದು ಹಾಲಿನವನ ವಾಹನ, ಅಂಚೆಯವನ ವಾಹನ, ಹೆಚ್ಚೆಂದರೆ ಶಾಲೆಯ ಮಾಸ್ತರರ ವಾಹನ ಎಂದು ಕವಿಗಳು ಅದನ್ನು ಕಡೆಗಣಿಸಿದರೋ ಏನೋ! ಆದರೆ ವಿಚಾರ ಮಾಡಿ ನೋಡಿದರೆ, ಸವಾರನ ದೇಹಬಲವನ್ನಲ್ಲದೆ ಬೇರೆ ಯಾವುದನ್ನೂ ಬೇಡದ, ಹುಲ್ಲು ತಿನ್ನದ, ಎಣ್ಣೆ ಕುಡಿಯದ ಈ ವಾಹನದಷ್ಟು ಸಾತ್ವಿಕವಾದುದು ಮತ್ತೊಂದಿಲ್ಲ. ಅದರ ಮೇಲೆ ಕುಳಿತವನು ನೆಲದಿಂದ ಬಹಳ ಎತ್ತರವಿರುವುದಿಲ್ಲ. ಆದ್ದರಿಂದ ಬಿದ್ದರೂ ಬದುಕುತ್ತಾನೆ. ಬದುಕಿ ಕೆಲವೊಮ್ಮೆ ಮದುವೆಯನ್ನೂ ಆಗುತ್ತಾನೆ.

ಈ ಯಂತ್ರದ ಹುಟ್ಟೂ ಒಂದು ಸಂಕಟದ ಕಾಲದಲ್ಲಿ ಆದದ್ದು. 1815ರಲ್ಲಿ ಜಾವಾಕ್ಕೆ ಪೂರ್ವದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಅಗ್ನಿಪರ್ವತ ಸಿಡಿಯಿತು. ಅದರ ಧೂಳು ಆಕಾಶದಲ್ಲಿ ಹಬ್ಬಿ, ಮರುವರ್ಷ ಯೂರೋಪು ಖಂಡಕ್ಕೆ ಬೇಸಗೆಯೇ ಇಲ್ಲದಂತಾಯಿತು. ಬೆಳೆ ಕೊಳೆಯಿತು, ಓಟ್ಸ್ ಧಾನ್ಯದ ಬೆಲೆ ಏರಿತು, ಕುದುರೆಗಳನ್ನು ಸಾಕುವುದು ಅಸಾಧ್ಯವಾಯಿತು. ಕುದುರೆಯಿಲ್ಲದೆ ಚಲಿಸುವ ವಾಹನವನ್ನು ಕುರಿತು ಕಾರ್ಲ್ ಫಾನ್ ಡ್ರೈಸ್ ಚಿಂತಿಸಿದ್ದಕ್ಕೆ ಈ ಕ್ಷಾಮವೇ ಪ್ರೇರಣೆಯೆಂದು ಕೆಲವು ಇತಿಹಾಸಕಾರರ ಮತ. ಅದೇನೇ ಇರಲಿ, 1817ರ ಜೂನ್ 12ರಂದು ಆತನು ಮಾನ್‌ಹೈಮ್ ನಗರದಿಂದ ಎರಡು ಮರದ ಚಕ್ರಗಳ ಗಾಡಿಯ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಹೊರಟು, ಒಂದು ಗಂಟೆಯೊಳಗೆ ಮರಳಿ ಬಂದನು. ಅದಕ್ಕೆ ತುಳಿಗಾಲುಗಳಿರಲಿಲ್ಲ, ಸರಪಳಿಯಿರಲಿಲ್ಲ, ದೀಪವಂತೂ ಇರಲೇ ಇಲ್ಲ. ಜನ ನಕ್ಕರು.

ಆ ಮಾನ್‌ಹೈಮ್ ನಗರದಲ್ಲಿ ರೈನ್ ನದಿಯನ್ನು ಸೇರುವ ಉಪನದಿಯೇ ನೆಕಾರ್. ಶ್ವಾರ್ಟ್ಸ್‌ವಾಲ್ಡ್ ಎಂಬ ಕರಿಯ ಕಾಡಿನ ಅಂಚಿನಲ್ಲಿ ಹುಟ್ಟಿ, ಸುಮಾರು 360 ಕಿಲೋಮೀಟರು ಹರಿಯುತ್ತದೆ. ಅದರ ದಂಡೆಗುಂಟ ಇಂದು ಉಗಮದಿಂದ ಸಂಗಮದವರೆಗೂ ಸೈಕಲ್ ದಾರಿಯೊಂದಿದೆ. ಆ ದಾರಿಯ ಮೇಲೆ, ಉಗಮದ ಕಡೆಗೆ, ಟ್ಯೂಬಿಂಗನ್ ಎಂಬ ಊರು ಬರುತ್ತದೆ. 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದ ಊರದು. ಜ್ಯೋತಿರ್ವಿಜ್ಞಾನಿ ಕೆಪ್ಲರ್ ಓದಿದ್ದು ಅಲ್ಲಿ. ಮತಿವಿಕಲನಾದ ಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ, ಸಾಯುವ ತನಕ, ನದಿಯ ಮೇಲೆ ಬಾಗಿದ ಒಂದು ಗೋಪುರದ ಕೋಣೆಯಲ್ಲಿ ಬಾಳಿದ್ದೂ ಅಲ್ಲಿಯೇ.

ಕನ್ನಡಿಗರಾದ ನಮಗೆ ಆ ಊರಿನ ಸಂಬಂಧ ಬೇರೆಯೇ ಬಗೆಯದು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. 1894ರ ಮಹಾಕೋಶವನ್ನು ನಮಗೆ ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ಮಲೆಯಾಳದ ಗುಂಡರ್ಟ್ ಅವರ ಹಸ್ತಪ್ರತಿಗಳು ಅಲ್ಲಿಯ ಗ್ರಂಥಾಲಯದಲ್ಲಿವೆ; ಅವರ ಮೊಮ್ಮಗ ಹರ್ಮನ್ ಹೆಸ್ಸೆ 1895ರಿಂದ ನಾಲ್ಕು ವರ್ಷ ಅದೇ ಊರಿನ ಒಂದು ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ನಾನು ಧಾರವಾಡದವನು. ಕಿಟೆಲ್ಲರ ಹೆಸರಿನ ಕಾಲೇಜು ನಮ್ಮೂರಲ್ಲಿದೆ. ಆದುದರಿಂದ 2007ರ ಸೆಪ್ಟೆಂಬರಿನಲ್ಲಿ ಹತ್ತು ತಿಂಗಳ ವಿದ್ಯಾರ್ಥಿವೇತನವೊಂದು ದೊರೆತು, ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿಸಿದ ಹಳೆಯ ಕನ್ನಡ ಪುಸ್ತಕಗಳನ್ನು ನೋಡಲೆಂದು ನಾನು ಅಲ್ಲಿಗೆ ಹೋದಾಗ, ಪರದೇಶಕ್ಕೆ ಹೋದಂತೆ ಅನಿಸಲಿಲ್ಲ. ಮನೆತನದ ಹಳೆಯ ಗುರುಗಳ ಊರಿಗೆ ಹೋದಂತೆ ಅನಿಸಿತು.

ಅಲ್ಲಿ ಸೈಕಲ್ಲಿಲ್ಲದವನು ಅರ್ಧ ಮನುಷ್ಯ. ನಾನೂ ಹಳೆಯ ಸಾಮಾನಿನ ಸಂತೆಯಲ್ಲಿ ಒಂದನ್ನು ಕೊಂಡೆ. ಹಸಿರು ಬಣ್ಣ, ಭಾರವಾದ ಕಬ್ಬಿಣ, ನಮ್ಮ ಊರಿನ ಹಳೆಯ ಗಂಡುಸೈಕಲ್ಲಿನ ಅಣ್ಣನಂತಿತ್ತು. ಅದರ ಬ್ರೇಕು ಕೈಯಲ್ಲಿರದೆ ಕಾಲಿನಲ್ಲಿತ್ತು. ತುಳಿಗಾಲನ್ನು ಹಿಂದಕ್ಕೆ ತುಳಿದರೆ ಸೈಕಲ್ಲು ನಿಲ್ಲುತ್ತದೆ. ಇಳಿಜಾರಿನಲ್ಲಿ ಕಾಲನ್ನು ಹಿಂದುಮುಂದಾಗಿ ಸುಮ್ಮನೆ ಆಡಿಸುತ್ತ ಹಾಡಿಕೊಂಡು ಹೋಗುವ ಧಾರವಾಡದ ಸುಖ ಅದರಲ್ಲಿಲ್ಲ. ಈ ಬಗೆಯ ಗುಂಬವನ್ನು ಜರ್ಮನಿಯ ಒಂದು ಕಾರ್ಖಾನೆ ‘ಟಾರ್ಪೆಡೋ’ ಎಂಬ ಹೆಸರಿನಿಂದ 1903ರಲ್ಲಿ ಮಾರಾಟಕ್ಕೆ ತಂದಿತಂತೆ. ಕಿಟೆಲ್ಲರು ತೀರಿಕೊಂಡ ವರ್ಷವೇ ಅದು ಎಂಬುದನ್ನು ನಾನು ಯಾವ ಪ್ರಯೋಜನವೂ ಇಲ್ಲದೆ ನೆನಪಿಟ್ಟುಕೊಂಡಿದ್ದೇನೆ. ಕನ್ನಡ ಅಧ್ಯಾಪಕರ ತಲೆಯಲ್ಲಿ ಇಂಥವು ಬಹಳ.

ದೀಪದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಜರ್ಮನಿಯಲ್ಲಿ ರಾತ್ರಿ ದೀಪವಿಲ್ಲದೆ ಸೈಕಲ್ ಹೊಡೆಯುವುದು ಅಪರಾಧ. ಅಷ್ಟೇ ಅಲ್ಲ, 2013ರಲ್ಲಿ ನಿಯಮ ಬದಲಾಗುವವರೆಗೆ, ಹಗುರವಾದ ಪಂದ್ಯದ ಸೈಕಲ್ಲುಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಆ ದೀಪ ಡೈನಮೋದಿಂದಲೇ ಉರಿಯಬೇಕಾಗಿತ್ತು. ಡೈನಮೋ ಎಂದರೆ ನಮ್ಮ ಹಿರಿಯರಿಗೆಲ್ಲ ಗೊತ್ತು: ಮುಂದಿನ ಚಕ್ರದ ಪಕ್ಕದಲ್ಲಿ ಸೀಸೆಯ ಆಕಾರದ ಒಂದು ವಸ್ತು, ಅದರ ತಲೆಯ ಮೇಲಿನ ಸಣ್ಣ ಗಾಲಿ ಟೈರಿಗೆ ಒತ್ತಿಕೊಂಡು ತಿರುಗುತ್ತದೆ, ಒಳಗಿನ ಅಯಸ್ಕಾಂತ ತಿರುಗುತ್ತದೆ, ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಓಡಿದರೆ ಬೆಳಕು, ನಿಧಾನಿಸಿದರೆ ಮಿಣುಕು, ನಿಂತರೆ ಕತ್ತಲು. ಮಳೆಯಲ್ಲಿ ಟೈರು ತೊಯ್ದರೆ ಆ ಗಾಲಿ ಜಾರುತ್ತದೆ. ಇನ್ನು ಅದನ್ನು ಹಿಡಿದಿರುವ ಪಟ್ಟಿಯ ತಿರುಪು ದಾರಿಯ ಅಲುಗಾಟಕ್ಕೆ ಸಡಿಲಾಯಿತೆಂದರೆ, ಇಡೀ ಡೈನಮೋ ಒಳಕ್ಕೆ ಬಾಗಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಚಕ್ರ ನಿಲ್ಲುತ್ತದೆ, ಸವಾರ ಮಾತ್ರ ಮುಂದುವರಿಯುತ್ತಾನೆ.

ನವೆಂಬರಿನ ಒಂದು ಸಾಯಂಕಾಲ ನಾನು ಹನ್ನೆರಡು ಕಿಲೋಮೀಟರು ದೂರದ ರೋಟನ್‌ಬುರ್ಗಿಗೆ ಹೋಗಿದ್ದೆ. ಅಲ್ಲೊಬ್ಬ ವೃದ್ಧರ ಬಳಿ ಮಂಗಳೂರಿನಲ್ಲಿ ಅಚ್ಚಾದ ಒಂದೆರಡು ಹಳೆಯ ಪುಸ್ತಕಗಳಿದ್ದವು. ಅವರು ಅವನ್ನು ಓದಬಲ್ಲವರಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕವೆಂದು ಜೋಪಾನ ಮಾಡಿದ್ದರು. ಪುಟಪುಟವನ್ನೂ ನೋಡಿ, ಬೇಕಾದುದನ್ನು ಕೈಬರಹದಲ್ಲಿ ಇಳಿಸಿಕೊಂಡು ಹೊರಟಾಗ ರಾತ್ರಿ ಒಂಬತ್ತು ಗಂಟೆ. ಆ ತಿಂಗಳಲ್ಲಿ ಅಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯಾಸ್ತ. ನದಿಯಿಂದ ಎದ್ದ ಮಂಜು ಬಯಲನ್ನೆಲ್ಲ ತುಂಬಿತ್ತು. ನಮ್ಮ ಮಲೆನಾಡಿನ ಮಂಜು ಬೆಳಗಿನದು, ಬಿಸಿಲೇರಿದರೆ ಕರಗುವಂಥದು. ನೆಕಾರ್ ಕಣಿವೆಯ ಮಂಜು ರಾತ್ರಿಯ ಜೊತೆ ಸೇರಿ ಗೋಡೆಯಂತೆ ನಿಲ್ಲುತ್ತದೆ. ನನ್ನ ದೀಪದ ಬೆಳಕು ಒಂದು ಮಾರು ಹೋಗಿ ಬಿಳಿಯ ಹತ್ತಿಯಲ್ಲಿ ಹೂತುಹೋಗುತ್ತಿತ್ತು. ಎಡಗಡೆ ಹೊಲ, ಬಲಗಡೆ ಕಾಣದ ನದಿಯ ಸಪ್ಪಳ. ಮನುಷ್ಯರ ಸುಳಿವಿಲ್ಲ.

ಅರ್ಧ ದಾರಿಯಾಗಿರಬಹುದು. ಕಟಕಟನೆ ಒಂದು ಶಬ್ದ, ದೀಪ ಆರಿತು, ಮರುಕ್ಷಣ ನಾನು ಒದ್ದೆ ಹುಲ್ಲಿನ ಮೇಲೆ ಮುಖ ಕೆಳಗಾಗಿ ಮಲಗಿದ್ದೆ. ಮೇಲೆ ವಿವರಿಸಿದ ತಿರುಪು ತನ್ನ ಕೆಲಸ ಮಾಡಿತ್ತು. ಮೊಣಕಾಲು ಉರಿಯುತ್ತಿತ್ತು, ಎಡಗೈಯ ಮಣಿಕಟ್ಟು ಎತ್ತಲು ಬಾರದು, ಚೀಲ ಎಲ್ಲೋ, ಕನ್ನಡಕ ಎಲ್ಲೋ. ಕುಳಿತುಕೊಂಡು ಕೈಯಿಂದ ತಡವಿದಾಗ ಮುಂದಿನ ಚಕ್ರ ಹಪ್ಪಳದಂತೆ ಬಾಗಿದ್ದು ತಿಳಿಯಿತು. ಕತ್ತಲಲ್ಲಿ ಪರದೇಶದಲ್ಲಿ ಬಿದ್ದವನಿಗೆ ಮೊದಲು ನೆನಪಾಗುವುದು ತಾಯಿಯಲ್ಲ, ದೇವರಲ್ಲ. ನಾಳೆ ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಾದ ಪುಸ್ತಕ. ಅನುಭವದಿಂದ ಹೇಳುತ್ತಿದ್ದೇನೆ.

ಎಷ್ಟು ಹೊತ್ತಾಯಿತೋ, ಟ್ಯೂಬಿಂಗನ್ನಿನ ಕಡೆಯಿಂದ ಮಂಜಿನೊಳಗೆ ಒಂದು ಹಳದಿಯ ಕಲೆ ಕಾಣಿಸಿತು. ಅದು ದೊಡ್ಡದಾಗುತ್ತ ಬಂದು, ನನ್ನ ಮುಂದೆ ಬಂದು, ಆರಿಹೋಯಿತು. ಅರ್ಥಾತ್ ಬಂದವರು ನಿಂತರು. ಕತ್ತಲೊಳಗಿಂದ ಹೆಣ್ಣುಧ್ವನಿಯೊಂದು ಏನೋ ಕೇಳಿತು. ನಾನು ಪುಣೆಯಲ್ಲಿ ಎರಡು ವರ್ಷ ಕಲಿತ ಜರ್ಮನ್ ಶುದ್ಧ ಗ್ರಂಥಸ್ಥವಾದದ್ದು. ಆಕೆ ಆಡಿದ್ದು ಶ್ವಾಬಿಯಾ ಸೀಮೆಯ ಜರ್ಮನ್. ಬೆಂಗಳೂರಿನಲ್ಲಿ ಕನ್ನಡ ಕಲಿತ ಪರದೇಶಿಯನ್ನು ಏಕಾಏಕಿ ಗದಗಿನ ಸಂತೆಯಲ್ಲಿ ನಿಲ್ಲಿಸಿದರೆ ಹೇಗೋ ಹಾಗಾಯಿತು ನನ್ನ ಅವಸ್ಥೆ. ಶ್ವಾಬಿಯಾದವರು ಯಾವ ಹೆಸರಿಗಾದರೂ ‘ಲೆ’ ಸೇರಿಸಿ ಅದನ್ನು ಪುಟ್ಟದಾಗಿ, ಮುದ್ದಾಗಿ ಮಾಡಿಬಿಡುತ್ತಾರೆ. ‘ರಾಡ್’ ಎಂದರೆ ಸೈಕಲ್ಲು. ಆಕೆ ಹೇಳಿದ್ದು ‘ರೇಡ್ಲೆ’. ಬಾಗಿ ಬಿದ್ದ ಇಪ್ಪತ್ತು ಕಿಲೋ ಕಬ್ಬಿಣಕ್ಕೆ ‘ಪುಟ್ಟ ಸೈಕಲ್ಲು’ ಎಂಬ ಹೆಸರು ಕೇಳಿ, ನೋವಿನಲ್ಲಿಯೂ ನನಗೆ ನಗೆ ಬಂತು. ನಗುವವನು ಬದುಕುತ್ತಾನೆಂದು ಆಕೆ ಧೈರ್ಯಗೊಂಡಳಂತೆ.

ಆಕೆ ಆಸ್ಪತ್ರೆಯಲ್ಲಿ ದಾದಿ. ಸಂಜೆಯ ಪಾಳಿ ಮುಗಿಸಿ ತನ್ನ ಹಳ್ಳಿಗೆ ಹೊರಟಿದ್ದವಳು. ಹಳ್ಳಿಯ ಹೆಸರು ಇಲ್ಲಿ ಬೇಡ, ಮನೆಯವರ ಅಪ್ಪಣೆಯಿಲ್ಲ. ನನ್ನ ಕೈಯನ್ನು ಪರೀಕ್ಷಿಸಬೇಕು, ಬೆಳಕಿಲ್ಲ. ಆಗ ಆಕೆ ಮಾಡಿದ ಉಪಾಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ತನ್ನ ಸೈಕಲ್ಲನ್ನು ಎರಡು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಕ್ಯಾರಿಯರಿನ ಮೇಲೆ ನನ್ನ ಭಾರದ ಚೀಲವನ್ನಿಟ್ಟು ಮುಂದಿನ ಚಕ್ರವನ್ನು ನೆಲದಿಂದ ಮೇಲೆಬ್ಬಿಸಿದಳು. ನನ್ನನ್ನು ಚಕ್ರದ ಪಕ್ಕದಲ್ಲಿ ಕೂರಿಸಿ, “ನೀವು ಬಲಗೈಯಿಂದ ಚಕ್ರ ತಿರುಗಿಸಿರಿ, ನಾನು ಎಡಗೈ ನೋಡುತ್ತೇನೆ” ಎಂದಳು. ನಾನು ತಿರುಗಿಸಿದೆ. ಬೆಳಕು ಬಂತು. ಆ ಬೆಳಕಿನಲ್ಲಿ ನನಗೆ ಮೊದಲು ಕಂಡದ್ದು ಆಕೆಯ ಮುಖವಲ್ಲ, ಬೆರಳುಗಳು. ಅವು ನನ್ನ ಮಣಿಕಟ್ಟಿನ ಎಲುಬುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದವು. ನೋವಾದಾಗ ನಾನು ಚಕ್ರ ತಿರುಗಿಸುವುದನ್ನು ನಿಲ್ಲಿಸುತ್ತಿದ್ದೆ, ಕತ್ತಲಾಗುತ್ತಿತ್ತು. “ಇಲ್ಲಿಯೇ ನೋವು, ಗೊತ್ತಾಯಿತು” ಎನ್ನುತ್ತಿದ್ದಳು. ಮುರಿದಿಲ್ಲ, ಉಳುಕಿದೆ ಎಂದು ತೀರ್ಮಾನಿಸಿ, ತನ್ನ ಕುತ್ತಿಗೆಯ ಉಣ್ಣೆಯ ಪಟ್ಟಿಯಿಂದ ಕಟ್ಟಿದಳು.

ನನ್ನ ಕಾಗದಗಳು ಹುಲ್ಲಿನ ಮೇಲೆ ಚೆದುರಿದ್ದವು. ಅವನ್ನು ಆಯುವಾಗ ಒಂದನ್ನು ದೀಪಕ್ಕೆ ಹಿಡಿದು, “ಇದೇನು, ಬ್ರೆಟ್ಸೆಲ್ ಅಂಗಡಿಯ ಲೆಕ್ಕವೇ?” ಎಂದು ಕೇಳಿದಳು. ಬ್ರೆಟ್ಸೆಲ್ ಎಂದರೆ ಹಿಟ್ಟಿನ ಹುರಿಯನ್ನು ಗಂಟುಹಾಕಿ ಸುಟ್ಟ ಒಂದು ಬಗೆಯ ರೊಟ್ಟಿ. ಆ ಸೀಮೆಯವರ ನಿತ್ಯದ ತಿಂಡಿ. ನಮ್ಮ ಲಿಪಿಯ ಸೌಂದರ್ಯವನ್ನು ಕುರಿತು ಪಂಡಿತರು ಮುತ್ತು, ಮಲ್ಲಿಗೆ ಎಂದೆಲ್ಲ ಹೇಳಿದ್ದನ್ನು ಓದಿದ್ದೆ. ಬ್ರೆಟ್ಸೆಲ್ಲಿನ ಉಪಮಾನ ಹೊಸದು. ನೋಡಿದರೆ ‘ಜಿ’ಯೂ ‘ಣಿ’ಯೂ ನಿಜವಾಗಿಯೂ ಹಾಗೆಯೇ ಕಾಣುತ್ತಿದ್ದವು.

ನನ್ನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೋಗಬಹುದಲ್ಲವೇ ಎಂದು ಧಾರವಾಡದ ಬುದ್ಧಿ ಹೇಳಿತು. ಆಕೆ ಒಪ್ಪಲಿಲ್ಲ. ಏಳು ವರ್ಷ ತುಂಬದ ಮಕ್ಕಳನ್ನಲ್ಲದೆ ಬೇರೆ ಯಾರನ್ನೂ ಸೈಕಲ್ಲಿನ ಮೇಲೆ ಕೂರಿಸಿಕೊಳ್ಳಕೂಡದೆಂಬುದು ಆಗಿನ ನಿಯಮ. ನಟ್ಟಿರುಳು, ನಿರ್ಜನ ಬಯಲು, ಮಂಜು, ನೋಡುವವರಾರು? ಆದರೂ ನಿಯಮ ನಿಯಮವೇ. ಈ ಜನರ ಈ ಗುಣವನ್ನು ಕೆಲವರು ಹಳಿಯುತ್ತಾರೆ. ನನಗಂತೂ ಆ ನಿಯಮದಿಂದ ಉಪಕಾರವೇ ಆಗಿದೆ. ಅದಿಲ್ಲದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ದಾರಿಯನ್ನು ನಾವು ಒಂದು ಗಂಟೆ ನಡೆದೆವು. ನನ್ನ ಸೈಕಲ್ಲು ಬೇಲಿಗೆ ಒರಗಿ ಅಲ್ಲಿಯೇ ಉಳಿಯಿತು. ಆಕೆ ತನ್ನದನ್ನು ತಳ್ಳುತ್ತ ನಡೆದಳು, ನಾನು ಕುಂಟುತ್ತ. ನಡಿಗೆಯ ವೇಗಕ್ಕೆ ಡೈನಮೋ ಕೊಡುವ ಬೆಳಕು ಎಷ್ಟು? ಕೆಂಡದಷ್ಟು. ಆಕೆ ಬಿರುಸಾಗಿ ನಡೆದರೆ ದಾರಿ ಕಾಣುತ್ತಿತ್ತು, ಆದರೆ ನಾನು ಹಿಂದೆ ಬೀಳುತ್ತಿದ್ದೆ. ನನಗಾಗಿ ನಿಧಾನಿಸಿದರೆ ಇಬ್ಬರಿಗೂ ದಾರಿ ಕಾಣುತ್ತಿರಲಿಲ್ಲ. ಕೊನೆಗೆ ಆಕೆ ನಿಧಾನವನ್ನೇ ಆರಿಸಿಕೊಂಡು, ಕತ್ತಲಲ್ಲಿ ಮಾತಾಡುತ್ತ ನಡೆದಳು. ದಾರಿ ತನಗೆ ಬಾಯಿಪಾಠವೆಂದಳು.

ಮನೆಯಲ್ಲಿ ಆಕೆಯ ತಾಯಿಯೊಬ್ಬರೇ. ಮಧ್ಯರಾತ್ರಿ ಸಮೀಪಿಸಿದಾಗ ಮಗಳು ರಕ್ತ ಸೋರುವ ಒಬ್ಬ ಕಪ್ಪು ಮನುಷ್ಯನನ್ನು ಕರೆತಂದರೆ ಯಾವ ತಾಯಿಗೆ ಗಾಬರಿಯಾಗದು? ಆದರೆ ಆ ಮುದುಕಿ ಕೇಳಿದ ಮೊದಲ ಪ್ರಶ್ನೆ, “ಊಟವಾಗಿದೆಯೇ?” ನಾನು ಮಾಂಸ ತಿನ್ನುವವನಲ್ಲವೆಂದು ತಿಳಿದಾಗ ಮಾತ್ರ ಅವರ ಮುಖ ಸ್ವಲ್ಪ ಸಪ್ಪಗಾಯಿತು. ಬೇಳೆಯ ಪಾತ್ರೆಯಿಂದ ಮಾಂಸದ ತುಂಡುಗಳನ್ನು ತೆಗೆದು ಬಡಿಸುವುದೇನೋ ಸುಲಭ, ಆದರೆ ಅದು ನಿಮಗೆ ಸಲ್ಲದೆಂದು ಕಾಣುತ್ತದೆ ಎಂದು ತಾವಾಗಿಯೇ ಊಹಿಸಿ, ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಲು ಇಟ್ಟರು. ನಮ್ಮ ಚೆನ್ನಂಗಿ ಬೇಳೆಯ ಬಳಗದ ಕಂದುಬಣ್ಣದ ಕಾಳು. ಜೊತೆಗೆ ಶೇವಿಗೆಯಂಥ ದಪ್ಪ ಹಿಟ್ಟಿನ ಎಳೆಗಳು. ಆ ಸೀಮೆಯ ಬೆಟ್ಟಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಬೇಳೆಯ ತಳಿಯೇ ಕಳೆದುಹೋಗಿ, 2006ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಬೀಜಭಂಡಾರದಲ್ಲಿ ಮತ್ತೆ ಸಿಕ್ಕಿತಂತೆ. ಆ ಸುದ್ದಿಯನ್ನು ಮುದುಕಿ ಕಳೆದುಹೋದ ಮಗ ಸಿಕ್ಕಂತೆ ಹೇಳಿದರು. ಆ ರಾತ್ರಿ ಬೈಠಕಖಾನೆಯ ಸೋಫಾದ ಮೇಲೆ ಮಲಗಿದೆ. ಬೆಳಿಗ್ಗೆ ರೈಲು ಹಿಡಿದು ಊರು ಸೇರಿದೆ.

ಸೈಕಲ್ಲು ಅಲ್ಲಿಯೇ ಉಳಿಯಿತಷ್ಟೇ. ಅದನ್ನು ತರಲು ಮತ್ತೆ ಹೋಗಲೇಬೇಕು. ಹೋದಾಗ ಅದನ್ನು ಹೊಲದಿಂದ ತಂದು ಕೊಟ್ಟಿಗೆಯಲ್ಲಿ ನೇತುಹಾಕಿದ್ದರು. ಆಕೆಯ ತಂದೆ, ಆಗ್ಗೆ ತೀರಿಕೊಂಡು ಆರು ವರ್ಷವಾಗಿತ್ತು, ಬಿಡುವಿನಲ್ಲಿ ಊರವರ ಸೈಕಲ್ಲುಗಳನ್ನು ರಿಪೇರಿ ಮಾಡುತ್ತಿದ್ದವರು. ಅವರ ಹತ್ಯಾರಗಳೆಲ್ಲ ಗೋಡೆಯ ಮೇಲೆ ಇದ್ದಂತೆಯೇ ಇದ್ದವು. ಹೊಸ ಚಕ್ರ ಕೊಳ್ಳುವುದು ಸುಲಭವಾಗಿತ್ತು. ಆದರೆ ಆಕೆ, “ರಿಮ್ಮು ಮುರಿದಿಲ್ಲ, ಬಾಗಿದೆಯಷ್ಟೇ. ಸರಿಮಾಡೋಣ” ಎಂದಳು.

ಬಾಗಿದ ಚಕ್ರದ ಬೆಂಡು ತೆಗೆಯುವುದನ್ನು ವಾಚಕರು ಸೈಕಲ್ ಅಂಗಡಿಗಳಲ್ಲಿ ನೋಡಿರಬಹುದು. ಮೂವತ್ತಾರು ಕಡ್ಡಿಗಳು, ಅರ್ಧ ಗುಂಬದ ಎಡಕ್ಕೆ, ಅರ್ಧ ಬಲಕ್ಕೆ. ರಿಮ್ಮು ಎಡಕ್ಕೆ ವಾಲಿದ್ದಲ್ಲಿ ಬಲಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಬೇಕು, ಎಡಗಡೆಯದನ್ನು ಕಾಲು ಸುತ್ತು ಸಡಿಲಿಸಬೇಕು, ಚಕ್ರ ತಿರುಗಿಸಿ ನೋಡಬೇಕು. ಒಂದು ಕಡೆ ಸರಿಯಾದರೆ ಮತ್ತೊಂದು ಕಡೆ ಸೊಟ್ಟಗಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಬಿಗಿದರೆ ಕಡ್ಡಿ ತುಂಡಾಗುತ್ತದೆ. ನುರಿತವನಿಗೆ ಅರ್ಧ ಗಂಟೆಯ ಕೆಲಸ. ಆಕೆ ನುರಿತವಳಲ್ಲ, ಮೇಲಾಗಿ ಆಕೆಗೆ ರಜೆ ಎರಡು ವಾರಕ್ಕೊಂದು ಭಾನುವಾರ. ನಾನು ಒಂದು ಕೈಯಿಂದ ಚಕ್ರ ಹಿಡಿಯುವವನು. ಹೀಗೆ ನವೆಂಬರಿನಲ್ಲಿ ತೊಡಗಿದ ಕೆಲಸ ಫೆಬ್ರವರಿಯವರೆಗೆ ನಡೆಯಿತು. ನಡುನಡುವೆ ಮುದುಕಿ ಬಾಗಿಲಿಗೆ ಬಂದು, “ಇನ್ನೂ ಮುಗಿಯಲಿಲ್ಲವೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಅವರ ಗಂಡನಾಗಿದ್ದರೆ ಎಷ್ಟು ಹೊತ್ತಿನಲ್ಲಿ ಮುಗಿಸುತ್ತಿದ್ದನೆಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಇಷ್ಟು ದಿನವೂ ನಾವು ಒಬ್ಬರಿಗೊಬ್ಬರು ‘ಜ಼ೀ’ ಎನ್ನುತ್ತಿದ್ದೆವು. ಜರ್ಮನ್ ಭಾಷೆಯಲ್ಲಿ ‘ಜ಼ೀ’ ಎಂದರೆ ನೀವು, ‘ದೂ’ ಎಂದರೆ ನೀನು. ಅಪರಿಚಿತರು ತಮ್ಮಷ್ಟಕ್ಕೆ ‘ದೂ’ಗೆ ಇಳಿಯುವಂತಿಲ್ಲ. ಹಿರಿಯರು ಕಿರಿಯರಿಗೆ, ಹೆಣ್ಣು ಗಂಡಿಗೆ ಅದನ್ನು ಕೊಡಬೇಕು. ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನವರು ಈ ಭೇದವನ್ನು ಕಳೆದುಕೊಂಡು ಬಡವರಾಗಿದ್ದಾರೆಂದು ನನ್ನ ಅಭಿಪ್ರಾಯ. ಫೆಬ್ರವರಿಯ ಒಂದು ಮಧ್ಯಾಹ್ನ ಚಕ್ರ ಓಲಾಡದೆ ನೆಟ್ಟಗೆ ತಿರುಗಿತು. ಆಕೆ ಎಣ್ಣೆಯ ಕೈಯನ್ನು ಒರೆಸಿಕೊಂಡು, ಅದನ್ನು ಮುಂದೆ ಚಾಚಿ, ತನ್ನ ಹೆಸರನ್ನು ಹೇಳಿ, “ದೂ?” ಎಂದು ಕೇಳಿದಳು. ನಾಲ್ಕು ತಿಂಗಳಿಂದ ಗೊತ್ತಿದ್ದ ಹೆಸರೇ; ಆದರೆ ಮೊದಲ ಸಲ ಕೇಳಿದಂತಾಯಿತು.

ಆ ದಿನ ನಾನು ನಮ್ಮಲ್ಲಿಯ ಪದ್ಧತಿಯನ್ನು ವಿವರಿಸಿದೆ. ದೇವರಿಗೆ ನಾವು ‘ನೀನು’ ಎನ್ನುತ್ತೇವೆ. ಶಿವಶರಣರೂ ಅಂದರು, ಹರಿದಾಸರೂ ಅಂದರು. ತಾಯಿಗೆ ‘ನೀನು’. ಮಕ್ಕಳಿಗೆ, ಗೆಳೆಯರಿಗೆ ‘ನೀನು’. ತಂದೆಗೆ ಕೆಲವು ಮನೆಗಳಲ್ಲಿ ‘ನೀವು’. ಗಂಡನಿಗೆ ಹೆಂಡತಿ ಸಾಮಾನ್ಯವಾಗಿ ‘ನೀವು’. ಆಕೆ ಯೋಚಿಸಿ, “ಹಾಗಾದರೆ ನಿಮ್ಮ ಹೆಂಗಸರಿಗೆ ದೇವರಿಗಿಂತ ಗಂಡನೇ ದೂರವೇ?” ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ವ್ಯಾಕರಣ ಓದುತ್ತಿದ್ದವನಿಗೆ ಉತ್ತರ ಹೊಳೆಯಲಿಲ್ಲ. ಇಂದೂ ಹೊಳೆದಿಲ್ಲ.

2008ರ ಜುಲೈ ತಿಂಗಳಿನಲ್ಲಿ ನನ್ನ ಅವಧಿ ಮುಗಿಯಿತು. ಕಾಲೇಜಿನಲ್ಲಿ ಕೆಲಸ ಕಾದಿತ್ತು. ಮನೆಯಲ್ಲಿ ವಿಧವೆ ತಾಯಿ ಕಾದಿದ್ದಳು. ಆಕೆಯ ಮನೆಯಲ್ಲಿಯೂ ಅದೇ ಸ್ಥಿತಿ. ಎರಡು ದೇಶಗಳಲ್ಲಿ ಇಬ್ಬರು ಮುದುಕಿಯರು, ನಡುವೆ ನಾವಿಬ್ಬರು. ಯಾರು ಯಾರನ್ನು ಬಿಡಬೇಕು? ಕಥೆಗಳಲ್ಲಿ ಪ್ರೇಮಿಗಳ ಎದುರು ಕ್ರೂರಿಗಳು ನಿಲ್ಲುತ್ತಾರೆ. ನಮ್ಮ ಎದುರು ನಿಂತವರು ನಮ್ಮನ್ನು ಪ್ರೀತಿಸುವವರು. ಅದು ಹೆಚ್ಚು ಕಠಿಣ. ಬಾಸೆಲ್ ಮಿಶನ್ನಿನ ಇತಿಹಾಸದಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನ್ ಹೆಣ್ಣನ್ನು ಮದುವೆಯಾದದ್ದನ್ನು ಓದಿದ್ದೆ. ಹಡಗಿನ ಕಾಲದಲ್ಲಿ ಸಾಧ್ಯವಾದದ್ದು ವಿಮಾನದ ಕಾಲದಲ್ಲಿ ಅಸಾಧ್ಯವೇ ಎಂದು ಬುದ್ಧಿ ಹೇಳುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಏನನ್ನೂ ಗೊತ್ತುಮಾಡದೆ ಬೀಳ್ಕೊಂಡೆವು. ಹಸಿರು ಸೈಕಲ್ಲನ್ನು ಆ ಕೊಟ್ಟಿಗೆಯಲ್ಲಿಯೇ ಬಿಟ್ಟು ಬಂದೆ.

ದೂರವಾಣಿ ಇತ್ತು, ಕಂಪ್ಯೂಟರೂ ಇತ್ತು. ಆದರೆ ಆಕೆ ಕಾಗದ ಬರೆಯುವವಳು. ಧಾರವಾಡದಿಂದ ನಾನು ಕಿಟೆಲ್ ಕೋಶದ ಮರುಮುದ್ರಣದ ಪ್ರತಿಯೊಂದನ್ನು ಕಳುಹಿಸಿದೆ. ಅಂಚೆಯ ಖರ್ಚು ಪುಸ್ತಕದ ಬೆಲೆಯನ್ನು ಮೀರಿತು. ಟ್ಯೂಬಿಂಗನ್ನಿನಲ್ಲಿ ಕಣ್ಣುಮುಚ್ಚಿದವರ ಗ್ರಂಥ ಹೀಗೆ ಒಂದು ಹೆಣ್ಣಿನ ನಿಮಿತ್ತವಾಗಿ ಮರಳಿ ಆ ಕಣಿವೆಗೆ ಹೋಯಿತು. ಎಂಟು ತಿಂಗಳ ಮೇಲೆ ಆಕೆಯ ಮೊದಲ ಕನ್ನಡ ಕಾಗದ ಬಂತು. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಮೂರೇ ವಾಕ್ಯ: “ಇಲ್ಲಿ ಮಂಜು ಇದೆ. ದೀಪ ಇದೆ. ನೀನು ಇಲ್ಲ.” ಎಂ.ಎ. ತರಗತಿಯಲ್ಲಿ ವಾಕ್ಯರಚನೆ ಕಲಿಸುವಾಗ ನನಗೆ ಈ ಮೂರು ವಾಕ್ಯಗಳು ನೆನಪಾಗುತ್ತವೆ, ಉದಾಹರಣೆಗೆ ಕೊಡುವುದಿಲ್ಲ.

ಅವ್ವನಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಕೇಳಿ ಅವಳು ಬಹಳ ಹೊತ್ತು ಸುಮ್ಮನಿದ್ದು, “ಕತ್ತಲದಾಗ ಬಿದ್ದಾಂವನ್ನ ಎತ್ತಿ ಕೂಡಿಸಿದಾಕಿ ಅಂದ ಮ್ಯಾಲೆ ಕೆಟ್ಟಾಕಿ ಹೆಂಗ ಇರ್ತಾಳ? ಅದು ಮಾತಲ್ಲ. ನಮ್ಮ ಮನ್ಯಾಗ ಆಕಿ ಹೆಂಗ ಬಾಳೇವು ಮಾಡ್ತಾಳೋ ತಮ್ಮಾ?” ಎಂದಳು. ನೆಕಾರ್ ದಂಡೆಯ ಮುದುಕಿಯ ಮಾತು ಇನ್ನೂ ಚಿಕ್ಕದು. ತಾನು ತಮ್ಮನ ಮನೆಗೆ ಹೋಗಿರುವುದಾಗಿ ಹೇಳಿ, “ಕೊಟ್ಟಿಗೆಯ ಕೀಲಿ ಮಾತ್ರ ನನ್ನ ಹತ್ತಿರ ಇರಲಿ” ಎಂದರಂತೆ.

2011ರ ಆರಂಭದಲ್ಲಿ ಮದುವೆಯಾಯಿತು. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮೂವತ್ತು ದಿನಗಳ ನೋಟೀಸು. ಅದು ಕಚೇರಿಯ ಫಲಕದ ಮೇಲೆ ನೇತಾಡುತ್ತಿದ್ದಷ್ಟು ದಿನವೂ ನನ್ನ ವಿದ್ಯಾರ್ಥಿಗಳು ಗುಂಪುಗುಂಪಾಗಿ ಹೋಗಿ ಓದಿ ಬಂದರು. ಆಕೆ ತನ್ನ ದಾದಿಯ ವೃತ್ತಿಯನ್ನು ಬಿಟ್ಟು ಬಂದಳು. ಇಲ್ಲಿ ಮನೆಮನೆಗೆ ಹೋಗಿ ಹುಡುಗರಿಗೆ ಜರ್ಮನ್ ಹೇಳಿಕೊಡತೊಡಗಿದಳು. ಹದಿನಾಲ್ಕು ವರ್ಷ ನಡೆಸಿದ ಕೆಲಸ ಅದು. ರೋಗಿಯ ಕೈ ಹಿಡಿದು ನೋವೆಲ್ಲಿದೆಯೆಂದು ಕಂಡುಹಿಡಿಯುವ ಬೆರಳುಗಳು. ಅದನ್ನು ಬಿಟ್ಟದ್ದು ಆಕೆ ತೆತ್ತ ಬೆಲೆ, ನಾನಲ್ಲ. ಇದನ್ನು ಹಗುರವಾಗಿ ಬರೆಯಲಾರೆ.

ಅವ್ವ ಸೊಸೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ರೊಟ್ಟಿ ಬಡಿಯುವುದನ್ನು ಕಲಿಸಿದಳು, ಇಳಕಲ್ ಸೀರೆ ಉಡಿಸಿದಳು. ಆದರೆ ಮಾತಿಗೊಮ್ಮೆ ‘ನೀವು’. “ಚಹಾ ತಗೋರಿ”, “ಕೂಡ್ರಿ”, “ನಿಮಗ ಖಾರ ಆತೇನು?” ನೆರೆಹೊರೆಯವರು ಇದನ್ನು ದೊಡ್ಡ ಮರ್ಯಾದೆಯೆಂದು ತಿಳಿದರು. ಆಕೆ ಮಾತ್ರ ತಿಳಿದಿದ್ದಳು, ಹಾಗೆಯೇ ಸುಮ್ಮನಿದ್ದಳು. ‘ದೂ’ವನ್ನು ಹಿರಿಯರು ಕೊಡಬೇಕು, ಕೇಳಿ ಪಡೆಯುವಂತಿಲ್ಲ. ಇತ್ತ ಆಕೆ ನಾಲ್ಕು ಜನರ ಮುಂದೆ ನನಗೆ “ಏ, ನೀ ಊಟಕ್ಕ ಬಾ” ಎಂದು ಕರೆದಾಗ, ನಮ್ಮ ಸೋದರತ್ತೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟದ್ದೂ ಉಂಟು. ಅವ್ವ ಆಗಲೂ ಏನೂ ಅನ್ನಲಿಲ್ಲ.

ಹೀಗೆ ಏಳು ತಿಂಗಳು ಕಳೆಯಿತು. ಆಗಸ್ಟ್ ತಿಂಗಳು, ಧಾರವಾಡದ ಜಿಟಿಜಿಟಿ ಮಳೆ. ಸಪ್ತಾಪುರದಲ್ಲಿ ಪಾಠ ಮುಗಿಸಿ ಆಕೆ ಏಳು ಗಂಟೆಗೆ ಮಾಳಮಡ್ಡಿಯ ನಮ್ಮ ಮನೆಗೆ ಬರಬೇಕಾಗಿತ್ತು. ಎಂಟಾಯಿತು. ಕರೆಂಟು ಹೋಯಿತು. ನಾನು ಕಾಲೇಜಿನ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದವನು ಆಗಷ್ಟೇ ಮರಳಿ ಬಂದು, ಹುಡುಕಲು ಹೊರಡಬೇಕೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಅವ್ವ ನನಗಿಂತ ಮುಂಚೆಯೇ ಕೊಡೆ ಹಿಡಿದು, ಬ್ಯಾಟರಿ ಹಿಡಿದು ಗೇಟಿನ ಹೊರಗೆ ನಿಂತಿದ್ದಳು. ಒಂಬತ್ತರ ಸುಮಾರಿಗೆ ಓಣಿಯ ತುದಿಯಲ್ಲಿ, ಪಂಕ್ಚರಾದ ಸೈಕಲ್ಲನ್ನು ತಳ್ಳಿಕೊಂಡು, ಅಡಿಯಿಂದ ಮುಡಿಯವರೆಗೆ ತೊಯ್ದು ಆಕೆ ಬಂದಳು. ಅವ್ವ ಬ್ಯಾಟರಿಯ ಬೆಳಕನ್ನು ನೇರವಾಗಿ ಮುಖಕ್ಕೆ ಹಿಡಿದು ದನಿಯೆತ್ತಿದಳು:

“ಎಂಥಾ ಹುಡುಗಿ ಅದೀಯವಾ ನೀ! ಹೊತ್ತು ಗೊತ್ತು ಏನರ ಐತೇನ ನಿನಗ? ಇಂಥಾ ಮಳ್ಯಾಗ, ಲೈಟ್ ಇಲ್ಲದ ಸೈಕಲ್ ತಗೊಂಡು ಹೋಗಂತ ಯಾರು ಹೇಳಿದ್ರು? ಜೀವಾ ಕೈಯಾಗ ಹಿಡಕೊಂಡು ನಿಂತೀನಿ ಇಲ್ಲೆ. ನಡಿ ಒಳಗ, ಮೊದಲ ತಲಿ ಒರಿಸ್ಕೋ!”

ಆಕೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಳಗೆ ಬಂದು, ನೀರು ಸೋರುತ್ತ ಪಡಸಾಲೆಯಲ್ಲಿ ನಿಂತಳು. ಇಷ್ಟು ಬಯ್ಗುಳ ತಿಂದವಳ ಮುಖ ಹಾಗಿರುವುದನ್ನು ನಾನು ನೋಡಿರಲಿಲ್ಲ. ಅವ್ವ ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲಿಗೆ ಹೋದ ಮೇಲೆ, ಆಕೆ ನನ್ನ ಕಡೆಗೆ ತಿರುಗಿ ಮೆಲ್ಲಗೆ ಜರ್ಮನಿನಲ್ಲಿ, “ನನಗೆ ‘ದೂ’ ಅಂದರು, ಕೇಳಿದೆಯಾ?” ಎಂದಳು.